ಮಹೇಶ್ವರಿಯ ಮುಖಕ್ಕೆ ಕಲ್ಲವ್ವನ ಹರಕೆ

ಗಜೇಂದ್ರಗಡದ ಪೇಟೆಯಲ್ಲಿ ಟೇಲರ್ ಮಹೇಶ್ವರಿಯ ಅಂಗಡಿ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಜಂಪರು ಹೊಲಿಯುವವರು ಊರಿನಲ್ಲಿ ಇಪ್ಪತ್ತು ಮಂದಿ ಇದ್ದಾರು. ಆದರೆ ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯಬಾರದು, ಬೆನ್ನ ಮೇಲೆ ಒಂದು ಸುಕ್ಕೂ ಕಾಣಬಾರದು ಎನ್ನುವ ಹೆಂಗಸರು ನರೇಗಲ್ಲಿನಿಂದ, ಅಬ್ಬಿಗೇರಿಯಿಂದ ಬಸ್ಸು ಹತ್ತಿಕೊಂಡು ಇಲ್ಲಿಗೇ ಬರುತ್ತಾರೆ. ಬಂದವರು ಬೈಸಿಕೊಂಡೂ ಹೋಗುತ್ತಾರೆ. ಅಳತೆಗೆಂದು ತಂದ ಹಳೆಯ ಜಂಪರಿನಲ್ಲಿ ಒಂದು ದಾರದ ತುದಿ ಜೋತಾಡುತ್ತಿದ್ದರೆ ಸಾಕು, "ಯಾರ್ರಿ ಹೊಲದವ್ರು ಇದನ್ನ? ಕಣ್ಣ ಮುಚಗೊಂಡು ಹೊಲದಾರೇನು?" ಎಂದು ಗದರಿಸಿ, ಕತ್ತರಿ ತೆಗೆದು ಅಲ್ಲಿಯೇ ಕಚಕ್ಕೆಂದು ಕತ್ತರಿಸಿ ಎಸೆಯುತ್ತಾಳೆ. ಜೋತಾಡುವ ದಾರವನ್ನು ಕಂಡರೆ ಅವಳಿಗಾಗುವುದಿಲ್ಲ. ಈ ಸ್ವಭಾವವನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಅವಳಿಗೆ ಮುಳುವಾಗುತ್ತದೆ.

ಐವತ್ತೆರಡನೆಯ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ತೂಕ ಇಳಿಸಬೇಕು ಎಂದರು ಡಾಕ್ಟರು. ಇಳಿಸಿದಳು, ಹಟಕ್ಕೆ ಬಿದ್ದು ಇಳಿಸಿದಳು. ದಿನಾ ಬೆಳಗ್ಗೆ ಗಾಳಿಯಂತ್ರಗಳ ಗುಡ್ಡದ ಬುಡದವರೆಗೆ ನಡೆದಳು. ಅನ್ನ ಬಿಟ್ಟಳು. ಮದುವೆ ಮನೆಗಳಲ್ಲಿ ತನ್ನ ಎಲೆಗೆ ಬಿದ್ದ ಹೋಳಿಗೆಯನ್ನು ಗಂಡನ ಎಲೆಗೆ ದಾಟಿಸಿದಳು. ಎರಡು ವರ್ಷದಲ್ಲಿ ತನ್ನ ಜಂಪರುಗಳನ್ನು ತಾನೇ ನಾಲ್ಕು ಸಲ ಒಳಹಿಡಿದು ಹೊಲಿದುಕೊಂಡಳು. ಸಕ್ಕರೆ ಹತೋಟಿಗೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಂತಿತು. ಮುಖ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಕೆನ್ನೆಯ ಚರ್ಮ ದವಡೆಯಿಂದ ಕೆಳಗೆ ಇಳಿಬಿತ್ತು, ಗದ್ದದ ಅಡಿಯಲ್ಲಿ ಎರಡು ಮಡಿಕೆ ಬಿದ್ದವು.

ಅಲ್ಲಿಂದ ಶುರುವಾಯಿತು ನೋಡಿ ಊರವರ ಕರುಣೆ. ಕಾಯಿಪಲ್ಲೆ ಮಾರುವವಳು ಕೇಳಿದಳು, ಬಸ್ಸಿನ ಕಂಡಕ್ಟರ್ ಕೇಳಿದ, ಎದುರಿಗೆ ಚಹಾದಂಗಡಿ ಇಟ್ಟಿರುವ ಖಾದರ ದಿನಕ್ಕೆರಡು ಸಲ ಕೇಳಿದ: "ಯಾಕ್ರಿ ಅಕ್ಕಾರ, ಆರಾಮ ಇಲ್ಲೇನ್ರಿ? ಭಾಳ ಇಳದೀರಿ." ಹುಟ್ಟಿದಂದಿನಿಂದ ಅವಳು ಅಷ್ಟು ಆರಾಮಾಗಿ ಇದ್ದದ್ದೇ ಇಲ್ಲ. "ಚಲೋ ಅದೀನ್ರಿ" ಎಂದರೆ ಯಾರೂ ನಂಬುವುದಿಲ್ಲ. ಪಾಪ, ಒಳಗೊಳಗೇ ನುಂಗಿಕೊಂಡಿದ್ದಾಳೆ ಎಂದು ಇನ್ನಷ್ಟು ಮರುಗುತ್ತಾರೆ. ಅದರ ಮೇಲೆ ಅಂಗಡಿಯಲ್ಲಿ ಆಳೆತ್ತರದ ಕನ್ನಡಿ. ಮದುಮಗಳು ಹೊಸ ಜಂಪರು ತೊಟ್ಟು ಅದರ ಮುಂದೆ ನಿಂತರೆ ಹಿಂದೆ ಬೆನ್ನಿನ ಗುಂಡಿ ಹಾಕಲು ಮಹೇಶ್ವರಿ ನಿಲ್ಲಬೇಕು. ದಿನಕ್ಕೆ ಮೂವತ್ತು ಸಲ ಇಪ್ಪತ್ತರ ಮುಖದ ಪಕ್ಕದಲ್ಲಿ ತನ್ನ ಮುಖ. ತನ್ನದು ಎನ್ನುವಂತೆಯೂ ಇರಲಿಲ್ಲ ಅದು. ಯಾರೋ ದಣಿದ ಹೆಂಗಸು ಅಂಗಡಿಗೆ ಬಂದು ನಿಂತಿದ್ದಾಳೆ ಎನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಂಡ ಗುರುಸಂಗಪ್ಪನಿಗೆ ಹೇಳಿಯೇಬಿಟ್ಟಳು. ಗುರುಸಂಗಪ್ಪ ಕಾಳುಕಡಿಯ ವ್ಯಾಪಾರಿ. ಮೂರು ಮಾತಾಡುವಲ್ಲಿ ಒಂದು ಮಾತಾಡುವ ಮನುಷ್ಯ.

"ಹುಬ್ಬಳ್ಳ್ಯಾಗ ಮುಖದ ಆಪರೇಷನ್ ಮಾಡ್ತಾರಂತ್ರಿ. ಫೇಸ್‌ಲಿಫ್ಟ್ ಅಂತಾರ. ಇಳಿಬಿದ್ದ ಚರ್ಮ ಮ್ಯಾಲ ಎತ್ತಿ ಹೊಲೀತಾರ. ನಾ ಮಾಡಿಸ್ಕೋತೀನಿ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾರ ಸಲುವಾಗಿ?"

"ನನ್ನ ಸಲುವಾಗಿ."

"ನಿನ್ನ ಮುಖಕ್ಕ ನಾ ಏನರ ಅಂದೀನೇನು?"

"ಅನ್ನಾಕ ನೀವು ನೋಡಬೇಕಲ್ರಿ. ನೀವು ನನ್ನ ಮುಖ ನೋಡಿ ಎಷ್ಟ ವರ್ಷಾತು?"

ಗುರುಸಂಗಪ್ಪ ತಲೆ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಪಲ್ಲೆ ಹಚ್ಚಿಕೊಂಡು ರೊಟ್ಟಿ ಬಾಯಿಗಿಟ್ಟು, "ಜ್ವಾಕಿ" ಎಂದಷ್ಟೇ ಹೇಳಿದ. ಒಪ್ಪಿಗೆ ಎಂದರೆ ಅವನಲ್ಲಿ ಅಷ್ಟೇ.

ಹುಬ್ಬಳ್ಳಿಯ ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕಣತಲೆಯ ಮೇಲಿನ ಕೂದಲೊಳಗಿಂದ ಕೊಯ್ತ ಶುರುವಾಗಿ, ಕಿವಿಯ ಮುಂದೆ ಇಳಿದು, ಹಾಲೆಯನ್ನು ಸುತ್ತಿ, ಕಿವಿಯ ಹಿಂದಿನಿಂದ ಮತ್ತೆ ಕೂದಲೊಳಗೆ ಹೋಗುತ್ತದೆ. ಎರಡೂ ಕಡೆ ಹಾಗೇ. ಮಹೇಶ್ವರಿ ಜಂಪರಿಗೆ ತೋಳು ಕೂಡಿಸುವ ಲೆಕ್ಕದಲ್ಲಿ ಅದನ್ನು ಕೇಳಿಸಿಕೊಂಡು, "ಒಳಗ ಮಾರ್ಜಿನ್ ಬಿಡ್ತೀರೇನ್ರಿ?" ಎಂದಳು.

"ಏನು?"

"ಮುಂದ ಬಿಗಿ ಆತಂದ್ರ ಬಿಚ್ಚಿ ಸಡಲ ಮಾಡಾಕ ಬರಬೇಕಲ್ರಿ."

ಡಾಕ್ಟರು ನಕ್ಕರು. "ಇಲ್ಲ ಅಕ್ಕಾ. ಹೆಚ್ಚಾಗಿದ್ದನ್ನ ಕತ್ತರಿಸಿ ತಗದಬಿಡ್ತೀವಿ. ಬಿಚ್ಚಾಕ ಬರಂಗಿಲ್ಲ. ಗುರುತೂ ಪೂರಾ ಹೋಗಂಗಿಲ್ಲ. ವರ್ಷದಾಗ ಮಾಸ್ತೈತಿ, ಆದ್ರ ಇರ್ತೈತಿ. ಮತ್ತ ಇದನ್ನ ನೆನಪಿಟ್ಟಕೋರಿ. ಒಳಗಿನ ದಾರ ತಾನ ಕರಗತೈತಿ. ಒಂದೊಂದ ಸಲ ಕರಗೂದಕ್ಕಿಂತ ಮೊದಲ ತುದಿ ಹೊರಗ ಬರತೈತಿ. ಬಂದ್ರ ಮುಟ್ಟಬ್ಯಾಡ್ರಿ, ನನ್ನ ಕಡೆ ಬರ್ರಿ."

ಮಾರ್ಜಿನ್ ಇಲ್ಲದೆ ಕತ್ತರಿ ಹಾಕುವುದು ಅವಳ ಕಸುಬಿನಲ್ಲಿ ಮಹಾಪಾಪ. ಎರಡು ದಿನ ಅದನ್ನೇ ಯೋಚಿಸಿದಳು. ಮೂರನೆಯ ದಿನ ಸಹಿ ಹಾಕಿದಳು.

ದೀಪಾವಳಿ ಮುಗಿದ ಮೇಲೆ ಆಪರೇಷನ್ ಆಯಿತು. ನಾಲ್ಕು ದಿನ ಬಿಟ್ಟು ಮನೆಗೆ ಬಂದಾಗ ಗುರುತೇ ಸಿಗದ ಹಾಗಿದ್ದಳು. ನೆತ್ತಿಯಿಂದ ಗದ್ದದವರೆಗೆ ಬ್ಯಾಂಡೇಜು, ಬಾತುಕೊಂಡ ಕಣ್ಣು, ಕುತ್ತಿಗೆಯವರೆಗೆ ಇಳಿದ ಕಪ್ಪು-ನೀಲಿ ಕಲೆ. ಕೆನ್ನೆ ಮುಟ್ಟಿದರೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆಯಲು ಬರದು, ಕೊಳವೆಯಲ್ಲಿ ಗಂಜಿ ಹೀರಬೇಕು. ಮಾತಿನ ಮಲ್ಲಿ ಮಹೇಶ್ವರಿ ಹತ್ತು ದಿನ ಮೂಕಿಯಾಗಿ ಮಲಗಿದಳು. ಆ ಹತ್ತೇ ದಿನದಲ್ಲಿ ಸುಳ್ಳು ಹುಟ್ಟಿ ಬೇರು ಬಿಟ್ಟಿತು.

ಹುಟ್ಟಿಸಿದವಳು ನೆಗೆಣ್ಣಿ ನಿರ್ಮಲಾ. ಗುರುಸಂಗಪ್ಪನ ತಮ್ಮನ ಹೆಂಡತಿ, ಅದೇ ಮನೆಯ ಮುಂಭಾಗದಲ್ಲಿ ಸಂಸಾರ. ಕೆಟ್ಟವಳಲ್ಲ, ಮಂದಿಯ ಬಾಯಿಗೆ ಹೆದರುವವಳು. ನೆರೆಯವರು ಕೇಳಿದರೆ, "ಕಿವಿ ಹಿಂದ ಗಂಟಾಗಿತ್ರಿ, ತಗಸ್ಯಾರ" ಎಂದಳು. ಗಂಟು ಎಂದರೆ ಊರಿಗೆ ಅರ್ಥವಾಯಿತು. ಆ ರೋಗದ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಗಂಟು ಎಂದೇ ಹೇಳುತ್ತಾರೆ. ಮರುದಿನದಿಂದ ಮಾತಾಡಿಸಲು ಬರುವವರ ಸಾಲು. ಕಾಯಿಲೆಯವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ನಮ್ಮ ಕಡೆ ಅದು ಸಿಟ್ಟಿಗೆ ಕಾರಣ. ಬ್ರೆಡ್ಡು, ಬಿಸ್ಕೀಟು, ಬಾಳೆಹಣ್ಣು ಹಿಡಿದು ಬಂದವರು ಮಂಚದ ಅಂಚಿಗೆ ಕುಳಿತು, ತಮ್ಮ ಬಳಗದಲ್ಲಿ ಗಂಟಾಗಿ ಸತ್ತವರ ಕಥೆಯನ್ನು ಒಬ್ಬರಾದ ಮೇಲೊಬ್ಬರು ಬಿಡಿಸಿ ಹೇಳಿ, "ನೀವ ಏನ್ ಕಾಳಜಿ ಮಾಡಬ್ಯಾಡ್ರಿ" ಎಂದು ಎದ್ದು ಹೋದರು.

ಬಾಯಿ ಬಂದ ದಿನ ಮಹೇಶ್ವರಿ ಮೊದಲು ನೆಗೆಣ್ಣಿಯನ್ನೇ ತರಾಟೆಗೆ ತೆಗೆದುಕೊಂಡಳು. ನಿರ್ಮಲಾ ಕೈ ಹಿಡಿದುಕೊಂಡಳು. "ಅಕ್ಕಾ, ಬ್ಯಾನಿ ಅಂದ್ರ ಮಂದಿ ಅಯ್ಯೋ ಅಂತಾರ. ಚಂದ ಕಾಣಾಕ ಅಂದ್ರ ಮುಖಕ್ಕ ಉಗುಳ್ತಾರ. ಮನೀ ಮರ್ಯಾದಿ ಐತ್ರಿ."

ಎಂಥ ಮಾತಿಗೂ ತಿರುಗಿ ಬೀಳುವ ಹೆಂಗಸು ಆವತ್ತು ಸುಮ್ಮನಾದಳು. ಮೈ ಸೋತಿತ್ತು, ಮುಖ ಇನ್ನೂ ಬಾತಿತ್ತು, ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ. ಅವಳಿಗೂ ಅಂಜಿಕೆಯಾಗಿತ್ತು. ಅಂಜಿದ್ದು ಅದೊಂದೇ ಸಲ, ಅದಕ್ಕೇ ಅಷ್ಟೊಂದು ತೆತ್ತಳು.

ಬಿಸ್ಕೀಟು ತರದೆ ಬಂದವಳೆಂದರೆ ಕಲ್ಲವ್ವ ಒಬ್ಬಳೇ. ಮೆಣಸಗಿಯವಳು. ಹೊಳೆ ಬಂದು ಮನೆ ಬಿದ್ದ ವರ್ಷ ಊರು ಬಿಟ್ಟು ಬಂದು, ಮಹೇಶ್ವರಿಯ ಅಂಗಡಿಯ ಬದಿಯ ಖೋಲಿ ಹಿಡಿದಿದ್ದಳು. ಎಪ್ಪತ್ತು ದಾಟಿದರೂ ಕಣ್ಣು ಚೂಪು. ಜಂಪರುಗಳಿಗೆ ಹುಕ್ಕು, ಕಾಜಾ, ಅಂಚಿನ ಕೈಹೊಲಿಗೆ ಎಲ್ಲಾ ಅವಳದೇ. ಮಂಡಿ ಮಾತ್ರ ಪೂರ್ತಿ ಹೋಗಿದ್ದವು. ಅಂಗಡಿಯ ಎರಡು ಮೆಟ್ಟಿಲನ್ನು ಕುಳಿತುಕೊಂಡು ಇಳಿಯುತ್ತಿದ್ದಳು. ತಾಯಿ ಇಲ್ಲದ ಮಹೇಶ್ವರಿ ಅವಳನ್ನು ಅವ್ವಾ ಎನ್ನುತ್ತಿದ್ದಳು, ಮಕ್ಕಳಿಲ್ಲದ ಕಲ್ಲವ್ವ ಇವಳನ್ನು ಹುಡುಗಿ ಎನ್ನುತ್ತಿದ್ದಳು. ದಿನಾ ಸಂಜೆ ಬಂದು, ಏನೂ ಕೇಳದೆ, ಅವಳ ಪಾದ ಒತ್ತಿ ಹೋಗುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಬಾವು ಇಳಿಯಿತು. ಒಂದು ಬೆಳಗ್ಗೆ ಅಂಗಡಿಯ ಬಾಗಿಲು ಮುಚ್ಚಿಕೊಂಡು ಮಹೇಶ್ವರಿ ಆ ಆಳೆತ್ತರದ ಕನ್ನಡಿಯ ಮುಂದೆ ನಿಂತಳು. ಹರೆಯದ ಮುಖವೇನಲ್ಲ. ಹಣೆಯ ಗೆರೆ, ಕಣ್ಣಿನ ಬದಿಯ ಗೆರೆ ಎಲ್ಲಾ ಅಲ್ಲಲ್ಲೇ ಇದ್ದವು. ಆದರೆ ದವಡೆ ಮರಳಿ ಬಂದಿತ್ತು, ಕೊರಳು ಕಾಣುತ್ತಿತ್ತು. ದಣಿದ ಹೆಂಗಸು ಅಂಗಡಿ ಬಿಟ್ಟು ಹೋಗಿದ್ದಳು. "ಬಂದ್ಯೇನವಾ?" ಎಂದು ತನ್ನನ್ನು ತಾನೇ ಮಾತಾಡಿಸಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಕೊರಳು ತಿರುಗಿಸಿ ಬಲಗಿವಿಯ ಹಿಂದೆ ಬೆರಳಾಡಿಸಿದಳು. ಬೆರಳಿಗೆ ಏನೋ ತಾಗಿತು. ಕೈಗನ್ನಡಿ ಹಿಡಿದು ನೋಡಿದರೆ ಜೋಳದ ಕಾಳಿನಷ್ಟು ಉದ್ದದ ದಾರದ ತುದಿ, ಹೊಲಿಗೆಯಿಂದ ಹೊರಗೆ ಬಂದು ಜೋತಾಡುತ್ತಿದೆ. ಡಾಕ್ಟರ ಮಾತು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ನೆನಪಿಗೆ ಬಂತು. ಮೂವತ್ತು ವರ್ಷದ ಕೈ ಕೇಳಬೇಕಲ್ಲ! ಎಡಗೈಯಿಂದ ತುದಿ ಹಿಡಿದು, ಬುಡಕ್ಕೇ ಕತ್ತರಿಸೋಣವೆಂದು ಕೊಂಚ ಎಳೆದಳು. ದಾರ ಬಂತು, ಅದರ ಹಿಂದೆ ಗಂಟೂ ಬಂತು, ಅದರ ಹಿಂದೆ ರಕ್ತವೂ ಬಂತು. ಅರಿಷಿಣ ಒತ್ತಿ ಸುಮ್ಮನಾದಳು.

ಮೂರನೆಯ ದಿನಕ್ಕೆ ಜ್ವರ. ಕಿವಿಯ ಹಿಂದೆ ಕೆಂಪಾಗಿ, ಬಿಸಿಯಾಗಿ, ಹೊಲಿಗೆ ಬಾಯಿ ಬಿಟ್ಟು ಕೀವು ಸುರಿಯಿತು. ಸಕ್ಕರೆಯೂ ಏರಿತು. ಗುರುಸಂಗಪ್ಪ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಡಾಕ್ಟರು ಗಾಯ ತೊಳೆಯುತ್ತಾ ಕೇಳಿದರು: "ಅಕ್ಕಾ, ನಿಮ್ಮ ಅಂಗಡಿಗೆ ಬಂದು ನೀವು ಅರ್ಧ ಹೊಲದ ಜಂಪರಿನ ದಾರ ನಾ ಎಳದಿದ್ರ ಏನ್ ಮಾಡ್ತಿದ್ರಿ?"

"ಕೈ ಮುರೀತಿದ್ದೆ."

"ಹಂಗಾರ ನಾ ಈಗ ಏನ್ ಮಾಡ್ಲಿ?"

ಮತ್ತೆ ಹೊಲಿಯುವ ಹಾಗಿರಲಿಲ್ಲ, ಗಾಯ ಒಳಗಿಂದ ತಾನೇ ತುಂಬಿಕೊಂಡು ಬರಬೇಕಿತ್ತು. ಒಂದು ತಿಂಗಳಿಗಿಂತ ಹೆಚ್ಚು ದಿನ ಡ್ರೆಸ್ಸಿಂಗು ನಡೆಯಿತು. ಎಡಗಡೆಯ ಗುರುತು ಹುಡುಕಿದರೂ ಸಿಗದಷ್ಟು ಮಾಸುತ್ತಿದ್ದರೆ, ಬಲಗಡೆಯದು ಕೆಂಪಾಗಿ, ಉಬ್ಬಿ, ಬೆರಳಗಲ ಹರಡಿ ಕಿವಿಯ ಹಿಂದಿನಿಂದ ಕೂದಲವರೆಗೆ ನಿಂತಿತು. ಇಂಜೆಕ್ಷನ್ ಕೊಟ್ಟು ತಗ್ಗಿಸಬಹುದು, ವರ್ಷಗಟ್ಟಲೆ ಹಿಡಿಯುತ್ತದೆ, ಹೋಗಲಾರದು ಎಂದರು ಡಾಕ್ಟರು.

ಮತ್ತೆ ಅಂಗಡಿ ತೆರೆದಾಗ ಅವಳು ತಲೆಯ ಮೇಲೆ ಸೆರಗು ಹೊದ್ದಿದ್ದಳು. ಸೆರಗು ಹೊದ್ದು ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೇ ಗೊತ್ತು ಅದರ ಕಷ್ಟ. ಬಗ್ಗಿದಾಗೆಲ್ಲ ಜಾರಿ ಸೂಜಿಯ ಕೆಳಗೆ ಹೋಗುತ್ತದೆ. ಬಲಗಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದ ಪೆನ್ಸಿಲ್ಲಿಗೂ ಜಾಗ ಇಲ್ಲ. ಬಂದವರೆಲ್ಲ ಅವಳ ಮುಖ ನೋಡಿ ಬೆರಗಾದರು. "ಏನ್ ಕಳಾ ಬಂದೈತ್ರಿ ಅಕ್ಕಾರ! ಬ್ಯಾನಿ ಬೇರ ಸಮೇತ ಹೋಗೈತಿ ನೋಡ್ರಿ." ದೇವರು ದೊಡ್ಡವ ಎಂದರು. ಅಷ್ಟೆಲ್ಲ ನೋವು ತಿಂದು ತಾನು ಮಾಡಿಸಿಕೊಂಡ ಕೆಲಸದ ಹೆಸರು ದೇವರಿಗೆ ಹೋಗುತ್ತಿತ್ತು. ಒಳಗೇ ಕುದಿಯುತ್ತಾ, "ಹೌದ್ರಿ" ಎಂದು ತಲೆಯಾಡಿಸುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಶನಿವಾರ ಕಲ್ಲವ್ವ ಹುಕ್ಕು ಹೊಲಿಯುತ್ತಾ ಕುಳಿತವಳು, "ನಾಡದು ಸೋಮವಾರ ನಾ ಕೆಲಸಕ್ಕ ಬರಂಗಿಲ್ಲವಾ. ಕಾಲಕಾಲೇಶ್ವರಕ್ಕ ಹೋಗೂದೈತಿ" ಎಂದಳು.

"ಏನೈತವ್ವಾ ಅಲ್ಲೆ?"

"ನಿನ್ನ ಹರಕಿ. ನಿನಗ ಕೀವಾದಾಗ ಬೇಡ್ಕೊಂಡಿದ್ದೆ. ಈ ಹುಡಿಗಿ ಜೀವ ಉಳದ್ರ ನಿನ್ನ ಗುಡಿ ಸುತ್ತ ಮೂರು ಸುತ್ತು ದೀಡ ನಮಸ್ಕಾರ ಹಾಕ್ತೀನಿ ಅಂತ. ಮೊದಲ ಹೇಳಬಾರದು ಅಂತ ಹೇಳಿದ್ದಿಲ್ಲ."

ಮಹೇಶ್ವರಿಯ ಕಾಲು ಯಂತ್ರದ ಮೇಲೆ ನಿಂತುಹೋಯಿತು. ದೀಡ ನಮಸ್ಕಾರ ಎಂದರೆ ಸುಮ್ಮನೆ ಕೈ ಮುಗಿಯುವುದಲ್ಲ. ಒದ್ದೆ ಸೀರೆಯಲ್ಲಿ ನೆಲದ ಮೇಲೆ ಉದ್ದಕ್ಕೆ ಬೋರಲು ಬೀಳಬೇಕು, ಚಾಚಿದ ಬೆರಳು ಮುಟ್ಟಿದಲ್ಲಿ ಗೀಟು ಹಾಕಬೇಕು, ಎದ್ದು ಆ ಗೀಟಿನ ಮೇಲೆ ನಿಂತು ಮತ್ತೆ ಬೀಳಬೇಕು. ಹರೆಯದವರ ಮೊಣಕಾಲೇ ಒಂದು ಸುತ್ತಿಗೆ ಸುಲಿಯುತ್ತವೆ. ಎರಡು ಮೆಟ್ಟಿಲನ್ನು ಕುಳಿತು ಇಳಿಯುವ ಮುದುಕಿ ಮೂರು ಸುತ್ತು ಹಾಕಲು ಹೊರಟಿದ್ದಾಳೆ, ಇಲ್ಲದ ಗಂಟಿಗಾಗಿ.

"ನಿನ್ನ ಬದಲಿ ನಾ ಹಾಕ್ತೀನವ್ವಾ."

"ಹರಕಿ ನಂದು, ನಿನಗ್ಯಾಕ ಕೊಡ್ಲಿ? ನೀ ಉಳದಿದ್ದು ನನಗ ಉಪಕಾರ ಆಗೇತಿ."

ಸಂಜೆ ನಿರ್ಮಲಾಗೆ ಹೇಳಿದರೆ ಅವಳು ಕೈ ಕೊಡವಿದಳು. "ನೀವು ಸುಮ್ಮನಿರ್ರಿ ಅಕ್ಕಾ. ಎರಡ ನಮಸ್ಕಾರ ಹಾಕಿ ಮುದಕಿ ತಾನ ಬಿಡ್ತಾಳ." ಬಿಡುವವಳಲ್ಲ ಕಲ್ಲವ್ವ. ಬಿದ್ದಲ್ಲಿಂದ ಏಳಲಿಕ್ಕಾಗದೆ ಸತ್ತರೂ ಬಿಡುವವಳಲ್ಲ. ಸತ್ಯ ಹೇಳಿದರೆ ಅವಳು ಎಂದೆಂದಿಗೂ ದೂರವಾದಾಳು. ಹೇಳದಿದ್ದರೆ ಆ ಮಂಡಿಗಳ ಪಾಪ ತನ್ನ ತಲೆಗೆ. ಮಹೇಶ್ವರಿಗೆ ಎರಡೂ ಬೇಡವಾಗಿತ್ತು.

ಭಾನುವಾರ ಬೆಳಗ್ಗೆ ಖೋಲಿಗೆ ಹೋದಳು. ಕಲ್ಲವ್ವ ಮರುದಿನಕ್ಕೆಂದು ಸೀರೆ ಒಗೆದು ಹರವುತ್ತಿದ್ದಳು. ಮಹೇಶ್ವರಿ ಬಾಗಿಲು ಮುಂದೆ ಮಾಡಿ, ಸೆರಗು ತೆಗೆದು, ಎರಡೂ ಕಿವಿಯ ಹಿಂದಿನ ಕೂದಲು ಎತ್ತಿ ತೋರಿಸಿದಳು.

"ಅವ್ವಾ, ನನಗ ಗಂಟು ಆಗಿದ್ದಿಲ್ಲ. ಮುಖ ಇಳಿಬಿದ್ದಿತ್ತು, ಎತ್ತಿಸ್ಕೊಂಡೆ. ಚಂದ ಕಾಣಾಕ."

ಕಲ್ಲವ್ವ ಎಡಗಡೆ ನೋಡಿದಳು, ಬಲಗಡೆ ನೋಡಿದಳು. "ಮತ್ತ ಆ ಕೀವು?"

"ದಾರ ಜೋತಾಡತಿತ್ತು, ಎಳದೆ."

ಮುದುಕಿ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. "ಹನ್ನೊಂದು ಸೋಮವಾರ ಉಪಾಸ ಇದ್ದೇನಿ. ಹೊಳಿ ಬಂದು ಮನಿ ಹೋದಾಗ ಸೈತ ಆ ದೇವರಿಗೆ ನಾ ಏನೂ ಬೇಡಿದ್ದಿಲ್ಲ. ಮೊದಲನೇ ಸಲ ಬಾಯಿ ಬಿಟ್ಟು ಬೇಡಿದ್ದು, ಅದೂ ನಿನ್ನ ಗಲ್ಲಕ್ಕೇನ?"

"ಸುಳ್ಳ ಹೇಳಿದ್ದು ತಪ್ಪಾತವ್ವಾ. ಅದಕ್ಕ ನಿನ್ನ ಕಾಲಿಗೆ ಬೀಳ್ತೀನಿ. ಮುಖಕ್ಕ ಮಾತ್ರ ತಪ್ಪಾತು ಅನ್ನಂಗಿಲ್ಲ. ನಾ ಆಸೆಪಟ್ಟೆ, ಮಾಡಿಸ್ಕೊಂಡೆ. ನಾಳೆ ಮತ್ತ ಅಂಥಾ ಕಾಲ ಬಂದ್ರೂ ಮಾಡಿಸ್ಕೋತೀನಿ."

"ಎದ್ದು ಹೋಗು" ಎಂದಳು ಕಲ್ಲವ್ವ. ಆವತ್ತು ಅವಳ ಒಲೆ ಹೊತ್ತಲಿಲ್ಲ. ಮಹೇಶ್ವರಿ ಕಳಿಸಿದ ಊಟ ಹಾಗೇ ಮರಳಿ ಬಂತು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಖೋಲಿಗೆ ಬೀಗ ಬಿದ್ದಿತ್ತು. ಮುದುಕಿ ಹೋಗಿಯೇಬಿಟ್ಟಿದ್ದಳು. ಗುರುಸಂಗಪ್ಪ ಓಡಿ ಹೋಗಿ ಟಂಟಂ ಆಟೊ ತಂದ. ನಿರ್ಮಲಾ ಅಕ್ಕನ ಬಾಯಿ ತಡೆಯಲೆಂದೇ ಜೊತೆಗೆ ಹತ್ತಿ ಕುಳಿತಳು. ಗುಡ್ಡದ ಬುಡದಲ್ಲಿ ಇಳಿದು, ಮೆಟ್ಟಿಲು ಹತ್ತಿ ಹೋದರೆ, ಕುಳಿತು ಕುಳಿತು ಆ ಮೆಟ್ಟಿಲನ್ನೆಲ್ಲ ಹತ್ತಿ ಬಂದಿದ್ದ ಕಲ್ಲವ್ವ ಅಂತರಗಂಗೆಯ ಹೊಂಡದ ಪಕ್ಕದಲ್ಲಿ ಒದ್ದೆ ಸೀರೆಯಲ್ಲಿ ನಿಂತಿದ್ದಳು. ಕೈಯಲ್ಲಿ ಊರುಗೋಲು. ಗುಡಿಯ ಸುತ್ತ ಹಾಸುಗಲ್ಲು, ಬೆರಳಲ್ಲಿ ಗೀಟು ಮೂಡುವುದಿಲ್ಲವೆಂದು ಕೋಲಿನ ತುದಿಗೆ ಅಂಗಡಿಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ದಾರದಿಂದ ಬಿಗಿದು ತಂದಿದ್ದಳು.

"ಯಾಕ ಬಂದಿ?"

"ನೀ ಯಾಕ ಬಂದಿ? ಗಂಟು ಇದ್ದಿಲ್ಲ ಅಂತ ಹೇಳಿದ್ನಲ್ಲ."

"ಗಂಟು ಇತ್ತೋ ಇಲ್ಲೋ, ಅದು ನಿನ್ನ ಹಣೇಬರ. ಮಾತು ಕೊಟ್ಟಾಕಿ ನಾನು. ನಿನ್ನಂಗ ನಾನೂ ಸುಳ್ಳ ಆಡ್ಲೇನು, ಅದೂ ದೇವರ ಮುಂದ?"

"ಬೇಡಿದ್ದು ನನ್ನ ಹೆಸರಲೆ ಹೌದಿಲ್ಲೊ? ಬೀಳೂದು ನನ್ನ ಮೈ. ಗೀಟು ಹಾಕೂದು ನಿನ್ನ ಕೈ. ಇಬ್ಬರ ಮಾತೂ ಉಳೀತಾವ." ಕಲ್ಲವ್ವನ ಉತ್ತರಕ್ಕೂ ಕಾಯದೆ ಮಹೇಶ್ವರಿ ಹೊಂಡದ ಮೆಟ್ಟಿಲಿಳಿದು ಮೂರು ಸಲ ಮುಳುಗಿ ಎದ್ದಳು.

ಎದ್ದವಳು ಸೆರಗನ್ನು ಸೊಂಟಕ್ಕೆ ಬಿಗಿದು, ಕೂದಲನ್ನು ಹಿಂಡಿ ನೆತ್ತಿಯ ಮೇಲೆ ಗಂಟು ಹಾಕಿದಳು. ಕಿವಿಯ ಹಿಂದಿನ ಕೆಂಪು ಗುರುತು ಬೆಳಗಿನ ಬಿಸಿಲಿಗೆ ಪೂರ್ತಿ ತೆರೆದುಕೊಂಡಿತು. ರೋಣದ ಕಡೆಯಿಂದ ಬಂದಿದ್ದ ನಾಲ್ಕಾರು ಹೆಂಗಸರು ಕಟ್ಟೆಯ ಮೇಲೆ ಕುಳಿತಿದ್ದರು. ಅವರಲ್ಲೊಬ್ಬಳು ಕೇಳಿಯೇಬಿಟ್ಟಳು. "ಅಯ್ಯ, ಕಿವಿ ಹಿಂದ ಏನಾಗಿತ್ರಿ ನಿಮಗ?"

"ಗಂಟ್ರಿ" ಎಂದು ನಿರ್ಮಲಾ ಬಾಯಿ ಹಾಕಿದಳು.

"ಗಂಟಲ್ರಿ" ಎಂದಳು ಮಹೇಶ್ವರಿ. ಅವಳ ದನಿ ಗುಡಿಯ ಒಳಗೂ ಕೇಳಿಸಿತು. "ಬ್ಯಾನಿಲ್ಲ, ಬ್ಯಾಸರಕಿಲ್ಲ. ಮುಖದ ಚರ್ಮ ಇಳಿಬಿದ್ದಿತ್ತು, ನನಗ ಸೇರಲಿಲ್ಲ, ಹುಬ್ಬಳ್ಳ್ಯಾಗ ಎತ್ತಿ ಹೊಲಿಸ್ಕೊಂಡೆ. ಡಾಕ್ಟರು ಚಲೋ ಹೊಲದಿದ್ರು, ನಾನ ಕೈ ಹಚ್ಚಿ ಕೆಡಿಸ್ಕೊಂಡೆ. ಇನ್ನೇನರ ಕೇಳೂದೈತೇನ್ರಿ?"

ಒಬ್ಬಳು "ಶಿವಾ ಶಿವಾ" ಎಂದಳು. ಒಬ್ಬಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನಿರ್ಮಲಾ ನಾಚಿಕೆಯಿಂದ ಕಂಬದ ಮರೆಗೆ ಸರಿದಳು. ಮೂರನೆಯವಳು, ಮಹೇಶ್ವರಿಯ ವಯಸ್ಸಿನವಳೇ, ತನ್ನ ಗದ್ದದ ಕೆಳಗೆ ಕೈಯಿಟ್ಟುಕೊಂಡು, ಮೆಲ್ಲಗೆ, "ಭಾಳ ನೋಯ್ತೈತೇನ್ರಿ?" ಎಂದಳು.

"ನೋಯ್ತೈತ್ರಿ. ಮಂದಿ ಮಾತಿನಷ್ಟ ನೋಯಂಗಿಲ್ಲ." ಹಾಗೆಂದವಳೇ ಗುಡಿಯ ಮುಂದೆ ಉದ್ದಕ್ಕೆ ಬಿದ್ದಳು.

ಮೊದಲ ಗೀಟು ಬೀಳಲು ತಡವಾಯಿತು. ಮಹೇಶ್ವರಿ ಕೈ ಚಾಚಿಕೊಂಡು ಹಾಗೇ ಕಾದಳು. ಏಳು ಎನ್ನುವವರಿಲ್ಲ, ಬೇಡ ಎನ್ನುವವರೂ ಇಲ್ಲ. ಕೆನ್ನೆಯ ಜೋಮು ಇನ್ನೂ ಬಿಟ್ಟಿರಲಿಲ್ಲ, ಕಲ್ಲಿನ ತಂಪು ಅದಕ್ಕೆ ಗೊತ್ತಾಗಲಿಲ್ಲ. ಕಡೆಗೆ ಬೆರಳ ತುದಿಯಲ್ಲಿ ಸೀಮೆಸುಣ್ಣ ಕರ್ರೆಂದು ಕಲ್ಲಿನ ಮೇಲೆ ಸರಿದ ಸದ್ದು ಕೇಳಿತು. ಎದ್ದು ಗೀಟಿನ ಮೇಲೆ ನಿಂತಳು, ಮತ್ತೆ ಬಿದ್ದಳು.

ಮೊದಲ ಸುತ್ತಿನುದ್ದಕ್ಕೂ ಕಲ್ಲವ್ವ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಹಾಕುತ್ತಾ, ಕೋಲಿನಿಂದ ನೆಟ್ಟಗೆ ಗೀಟು ಎಳೆಯುತ್ತಾ ಬಂದಳು. ಎರಡನೆಯ ಸುತ್ತಿನಲ್ಲಿ ಮಹೇಶ್ವರಿಯ ಮೊಣಕಾಲು ಸುಲಿದು ಸೀರೆಗೆ ಅಂಟಿತು. ಗುಡಿಯ ಹಿಂಭಾಗಕ್ಕೆ ಬಂದಾಗ ಕಲ್ಲವ್ವ ನಿಂತು, ಬಿದ್ದವಳ ತಲೆಯನ್ನು ಕೋಲಿನಿಂದ ತಟ್ಟಿ ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ, ಬಗ್ಗಿ ನೋಡಿದಳು.

"ಎಡಗಡೀದು ಚಲೋ ಹೊಲದಾರ. ಹೊಲಿಗಿ ಕಾಣಂಗಿಲ್ಲ."

"ಬಲಗಡೀದು?" ನೆಲಕ್ಕೆ ಮುಖವಿಟ್ಟೇ ಕೇಳಿದಳು ಮಹೇಶ್ವರಿ.

"ಅದು ನಿನ್ನ ಕೈಗುಣ."

ಇಬ್ಬರಿಗೂ ನಗು ಬಂತು. ಇಬ್ಬರೂ ತೋರಿಸಿಕೊಳ್ಳಲಿಲ್ಲ.

ಮೂರನೆಯ ಸುತ್ತು ಮುಗಿದಾಗ ಬಿಸಿಲು ಏರಿತ್ತು. ಗರ್ಭಗುಡಿಯ ಬಾಗಿಲ ಎದುರು ಕಡೆಯ ನಮಸ್ಕಾರ ಹಾಕಿ ಮಹೇಶ್ವರಿ ಎದ್ದು ನಿಂತಳು. ಮೊಣಕೈ, ಮೊಣಕಾಲು ಉರಿಯುತ್ತಿದ್ದವು. ಗುರುಸಂಗಪ್ಪ ಒಣಸೀರೆಯ ಚೀಲ ಹಿಡಿದು ಹತ್ತಿರ ಬಂದ. ಕಟ್ಟೆಯ ಮೇಲಿನ ಹೆಂಗಸರು ಒಬ್ಬರೂ ಎದ್ದು ಹೋಗಿರಲಿಲ್ಲ. ನಿರ್ಮಲಾ ಓಡಿಬಂದು ಒಣಸೀರೆಯನ್ನು ಕಸಿದುಕೊಂಡು ಅವಳ ತಲೆಯ ಮೇಲೆ ಹೊದಿಸಲು ಹೋದಳು. ಮಹೇಶ್ವರಿ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ನಿಂದ್ರು" ಎಂದಳು ಕಲ್ಲವ್ವ. ಅವಳು ಆಗಲೇ ಊರುಗೋಲು ಊರಿಕೊಂಡು, ಮೊದಲು ಶುರುಮಾಡಿದ ಜಾಗಕ್ಕೆ ಹೋಗಿ ನಿಂತಿದ್ದಳು. "ಇನ್ನೊಂದ ಸುತ್ತು ಐತಿ."

"ಮೂರ ಅಲ್ಲೇನವ್ವಾ ಬೇಡಿದ್ದು?"

"ಮೂರು ದೇವರಿಗೆ ಬೇಡಿದ್ದು, ಮುಗದ್ವು. ಇದು ನನಗ ಸುಳ್ಳ ಹೇಳಿದ್ದಕ್ಕ."

ಗುರುಸಂಗಪ್ಪ ನಿರ್ಮಲಾಳ ಕೈಯಿಂದ ಒಣಸೀರೆ ತೆಗೆದುಕೊಂಡು ಮತ್ತೆ ಚೀಲಕ್ಕೆ ಹಾಕಿದ. ಮಹೇಶ್ವರಿ ಸಡಿಲಾಗಿದ್ದ ಕೂದಲನ್ನು ಮತ್ತೊಮ್ಮೆ ಎತ್ತಿ ನೆತ್ತಿಯ ಮೇಲೆ ಬಿಗಿದಳು. ಬಲಗಿವಿ ಕಟ್ಟೆಯ ಮೇಲಿನವರಿಗೆ ಚೆನ್ನಾಗಿ ಕಾಣುವ ಹಾಗೆ ಬೋರಲು ಬಿದ್ದು ಕೈ ಚಾಚಿದಳು.

"ಗೀಟು ಹಾಕವ್ವಾ" ಎಂದಳು.